ಕೋಟು ಬಂತು, ಕಣ್ಣು ಬರಲಿಲ್ಲ

ಷರ್ಲಾಕ್ ಹೋಮ್ಸ್ ಹುಟ್ಟಿದ್ದು 1887ರಲ್ಲಿ, ಒಂದು ಕಾದಂಬರಿಯಲ್ಲಿ. ಮನೆಮಾತಾದದ್ದು ಮಾತ್ರ 1891ರಿಂದ ‘ಸ್ಟ್ರ್ಯಾಂಡ್’ ಪತ್ರಿಕೆಯಲ್ಲಿ ಬಂದ ಸಣ್ಣಕತೆಗಳಿಂದ. ಅವನ ಮೇಲೆ ಕಾನನ್ ಡಾಯ್ಲ್ ಬರೆದದ್ದು 56 ಕತೆ, ಕಾದಂಬರಿ ನಾಲ್ಕೇ. ನಮ್ಮ ಪತ್ತೇದಾರಿ ಬರಹಗಾರರು ಈ ಲೆಕ್ಕವನ್ನು ಗಮನಿಸಲಿಲ್ಲ ಎಂಬುದೇ ನನ್ನ ತಕರಾರು.

ಬಂಗಾಳಿಗಳು ಗಮನಿಸಿದರು. ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ 1932ರಲ್ಲಿ, ಸತ್ಯಜಿತ್ ರಾಯ್ ಅವರ ಫೆಲೂದಾ 1965ರಲ್ಲಿ ಕತೆಯ ಬಾಗಿಲಿನಿಂದಲೇ ಒಳಗೆ ಬಂದರು. ಕನ್ನಡದಲ್ಲಿ ಬಂದದ್ದು ಕಾದಂಬರಿಗಳ ಪ್ರವಾಹ. ಅದರ ಮುಂಚೂಣಿಯಲ್ಲಿದ್ದ ಎನ್. ನರಸಿಂಹಯ್ಯನವರು ಬರೆದದ್ದು ಐನೂರಕ್ಕೂ ಹೆಚ್ಚು. ಪುರುಷೋತ್ತಮ, ಮಧುಸೂದನ, ಅರಿಂಜಯ ಎಂದರೆ ಒಂದು ತಲೆಮಾರಿಗೆ ಊಟ ಬಿಟ್ಟು ಓದುವ ಹುಚ್ಚು. ಕನ್ನಡಿಗರಿಗೆ ಓದಿನ ಚಟ ಹತ್ತಿಸಿದ ಅವರ ಋಣ ನಮ್ಮ ಮೇಲಿದೆ, ವಿಮರ್ಶಕರು ಅದನ್ನು ತೀರಿಸಿಲ್ಲ. ಆದರೆ ಋಣ ಬೇರೆ, ಬೆಲೆ ಕಟ್ಟುವುದು ಬೇರೆ. ಬಾಡಿಗೆ ಪುಸ್ತಕದಂಗಡಿಗೆ ಬೇಕಾದ ದಪ್ಪ ಬರಬೇಕಾದರೆ ಪುಟ ತುಂಬಬೇಕು. ಪುಟ ತುಂಬಲು ಬೆನ್ನಟ್ಟುವಿಕೆ, ವೇಷ ಮರೆಸುವುದು, ಹೊಡೆದಾಟ. ಸುಳಿವು ಎಷ್ಟೋ ಸಲ ಗೋಡೆಯ ಮರೆಯಲ್ಲಿ ಕೇಳಿಸಿಕೊಂಡ ಮಾತಾಗಿ, ಆಕಸ್ಮಿಕವಾಗಿ ಕೈಗೆ ಬೀಳುತ್ತದೆ. ‘ಸಿಲ್ವರ್ ಬ್ಲೇಜ್’ ಕತೆಯಲ್ಲಿ ಲಾಯದ ನಾಯಿ ರಾತ್ರಿ ಬೊಗಳಲಿಲ್ಲ ಎಂಬುದೊಂದೇ ಸಾಕು, ಒಳಗೆ ಬಂದವನು ಪರಿಚಿತನೆಂದು ಹೋಮ್ಸ್‌ಗೆ ತಿಳಿಯಲು. ಅಂಥ ಒಂದು ನೋಟದ ಮೇಲೆ ನಿಲ್ಲುವ ಕತೆಗೆ ಇಪ್ಪತ್ತು ಪುಟ ಧಾರಾಳ, ಇನ್ನೂರು ಪುಟ ಹೊರೆ.

ಹಾಗಾದರೆ ಹೋಮ್ಸ್‌ನ ಕಣ್ಣು ನಮ್ಮಲ್ಲಿಗೆ ಬರಲೇ ಇಲ್ಲವೆ? ಬಂತು, ಕತೆಯ ಹೊರಗೆ. ಇನ್ನೊಬ್ಬ ನರಸಿಂಹಯ್ಯನವರಿದ್ದರು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ರಚಿಸಿದರು. ಪಾಂಡವಪುರದ ಬಾಲಕನೊಬ್ಬನ ‘ವಿಭೂತಿ’ ಅವನ ಬಟ್ಟೆಯೊಳಗಿಂದಲೇ ಉದುರುತ್ತಿತ್ತೆಂದು ಆ ಸಮಿತಿ ಕಂಡುಹಿಡಿಯಿತು. ಎಲ್ಲರೂ ಕೈಮುಗಿದು ನೋಡುತ್ತಿದ್ದಾಗ ಅಂಗಿಯನ್ನು ನೋಡುವುದು, ಅದೇ ಹೋಮ್ಸ್‌ನ ಪದ್ಧತಿ. (ಅವನನ್ನು ಸೃಷ್ಟಿಸಿದ ಡಾಯ್ಲ್ ಮಾತ್ರ 1922ರಲ್ಲಿ ಯಕ್ಷಿಣಿಯರ ಫೋಟೋಗಳನ್ನು ನಂಬಿ ಪುಸ್ತಕವನ್ನೇ ಬರೆದ!) ಹೆಸರೊಂದೇ ಆದ ಈ ಇಬ್ಬರೂ ಒಂದೇ ಕಾಲದ ಬೆಂಗಳೂರಿನಲ್ಲಿದ್ದರು. ಒಬ್ಬರ ವಿಚಾರ ಇನ್ನೊಬ್ಬರ ಕತೆಯೊಳಗೆ ಹೋಗಿದ್ದರೆ ನಮ್ಮ ಪತ್ತೇದಾರಿ ಸಾಹಿತ್ಯದ ಚರಿತ್ರೆಯೇ ಬೇರೆಯಾಗುತ್ತಿತ್ತು.

ತೇಜಸ್ವಿ ಆ ಸಾಧ್ಯತೆಯ ಹತ್ತಿರ ಹೋದರು. ‘ಚಿದಂಬರ ರಹಸ್ಯ’ದಲ್ಲಿ ಶಾಮನಂದನ ಅಂಗಡಿ ಏಲಕ್ಕಿ ಬೆಳೆ ಕುಸಿದದ್ದೇಕೆ, ವಿಜ್ಞಾನಿ ಜೋಗಿಹಾಳ್ ಸತ್ತದ್ದು ಹೇಗೆ ಎಂದು ಕೆದಕುತ್ತಾನೆ. ಆದರೆ ಅಪರಾಧಿ ಒಬ್ಬ ಮನುಷ್ಯನಲ್ಲ, ಇಡೀ ಕೆಸರೂರು. ಬೆಂಕಿ ಹತ್ತಿದ ಊರಿನಲ್ಲಿ ಪತ್ತೇದಾರನಿಗೆ ಏನು ಕೆಲಸ? ಹೋಮ್ಸ್ ಪರಂಪರೆಗೆ ಕನ್ನಡ ಕೊಟ್ಟ ಅತಿ ಗಂಭೀರ ಉತ್ತರ ಇದು ಎಂದು ನಾನು ತಿಳಿದಿದ್ದೇನೆ. ಅದೂ ಕಾದಂಬರಿಯೇ ಎನ್ನುವುದು ನನ್ನ ವಾದಕ್ಕೆ ತೊಡಕು, ಇರಲಿ.

ಸಣ್ಣಕತೆಯ ಕಡೆಯಿಂದ ಬಂದವರು ಟಿ.ಕೆ. ದಯಾನಂದ್. ಅವರ ಕತೆಯ ಮೇಲೆ ಜಯತೀರ್ಥ 2019ರಲ್ಲಿ ‘ಬೆಲ್ ಬಾಟಂ’ ಚಿತ್ರ ಮಾಡಿದರು. ಪತ್ತೇದಾರಿ ಕಾದಂಬರಿ ಓದಿ ಬೆಳೆದ ದಿವಾಕರ ಪೊಲೀಸ್ ಠಾಣೆಗಳಲ್ಲೇ ನಡೆದ ಕಳ್ಳತನ ಬಿಡಿಸುತ್ತಾನೆ. ಹಳೆಯ ಪತ್ತೇದಾರನನ್ನು ಪ್ರೀತಿಯಿಂದ ಗೇಲಿ ಮಾಡುತ್ತಲೇ ಒಗಟನ್ನು ನೆಟ್ಟಗೆ ಕಟ್ಟಿದ್ದು ಅದರ ಗೆಲುವು. ಅದಕ್ಕೆ ಲಂಡನ್ನಿನ ಮಂಜು ಬೇಕಾಗಲಿಲ್ಲ.

ಗೌರಿಬಿದನೂರು, ಶಿಡ್ಲಘಟ್ಟಗಳ ನಮ್ಮ ಸೀಮೆಗೂ ಬೇಕಿಲ್ಲ. ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುವ ಊರುಗಳಿವು. ಆಡುವ ನುಡಿಯಿಂದಲೇ ಆಳು ಯಾವ ಕಡೆಯವನೆಂದು ಹೇಳಬಹುದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಕೈಯಲ್ಲಿ ಹಿಡಿದೇ ಗುಣ ಹೇಳುವವರಿದ್ದಾರೆ. ಗೌರಿಬಿದನೂರಿನ ಭೂಕಂಪಮಾಪನ ಕೇಂದ್ರ 1965ರಿಂದ ನೆಲದ ನಡುಕವನ್ನು ಓದಿ, ಅದು ಭೂಕಂಪವೋ ದೂರದ ಅಣುಸ್ಫೋಟವೋ ಎಂದು ಬೇರ್ಪಡಿಸುತ್ತಿದೆ. ಇಷ್ಟು ಸುಳಿವು ಬಿದ್ದಿರುವ ನೆಲದಲ್ಲಿ ಕುಳಿತು ಕಪ್ಪು ಕೋಟಿನ ಪತ್ತೇದಾರನನ್ನು ಏಕೆ ಬರೆಯಬೇಕು? ಇಲ್ಲಿನ ಹೊಸ ಬರಹಗಾರರಲ್ಲಿ ಒಂದು ಕೋರಿಕೆ: ಕಾದಂಬರಿಯ ಆಸೆ ಸದ್ಯ ಬದಿಗಿಡಿ. ಹತ್ತು ಪುಟದ ಒಂದು ಕತೆ ಬರೆಯಿರಿ, ಸುಳಿವುಗಳನ್ನೆಲ್ಲ ಓದುಗನ ಮುಂದೆಯೇ ಇಡಿ.