ರೂಡ್ ಲಾಂಗ್‌ಗೋರ್: ಪುನರ್ಮೌಲ್ಯಮಾಪನದ ಒಂದು ತೊಡಕು

ಡೆನ್ಮಾರ್ಕಿನ ಆಧುನಿಕ ಸಂಗೀತವೆಂದರೆ ಕಾರ್ಲ್ ನೀಲ್ಸನ್ ಎಂಬಷ್ಟಕ್ಕೆ ಚರಿತ್ರೆ ನಿಂತಿದ್ದ ಕಾಲದಲ್ಲಿ ಅದರ ಹೊರಗುಳಿದವನು ರೂಡ್ ಲಾಂಗ್‌ಗೋರ್ (1893-1952). ಈತನ ಮೊದಲ ಸಿಂಫನಿಯನ್ನು 1913ರಲ್ಲಿ ನುಡಿಸಿದ್ದು ಬರ್ಲಿನ್ ಫಿಲ್‌ಹಾರ್ಮೋನಿಕ್. ಆಗ ಈತನ ವಯಸ್ಸು 19. ತಾಯ್ನಾಡಿನಲ್ಲಿ ಸ್ಥಿರವಾದ ಹುದ್ದೆ ದೊರೆತುದು ಮಾತ್ರ 1940ರಲ್ಲಿ, ಅದೂ ರಾಜಧಾನಿಯಿಂದ ದೂರದ ರೀಬೆ ಪಟ್ಟಣದ ಕ್ಯಾಥೆಡ್ರಲ್‌ನಲ್ಲಿ, ಆರ್ಗನ್ ವಾದಕನಾಗಿ.

1916-18ರಲ್ಲಿ ರಚಿತವಾದ 'ಗೋಳಗಳ ಸಂಗೀತ'ದಲ್ಲಿ ರೂಢಿಯ ಅರ್ಥದ ಬೆಳವಣಿಗೆಯೇ ಇಲ್ಲ. ಸ್ವರಪುಂಜಗಳು ನಿಶ್ಚಲವಾಗಿ ಮಿನುಗುತ್ತವೆ. ದೂರದಲ್ಲಿ ಕುಳಿತ ಎರಡನೆಯ ವಾದ್ಯವೃಂದದ ದನಿ ಕೇಳಿಬರುತ್ತದೆ. ಪಿಯಾನೋದ ಕೀಲಿಗಳನ್ನು ಬಿಟ್ಟು ತಂತಿಗಳ ಮೇಲೆಯೇ ಕೈಯಾಡಿಸುವುದೂ ಉಂಟು. 1960ರ ದಶಕದಲ್ಲಿ ಈ ಸ್ವರಲಿಪಿಯನ್ನು ಕಂಡ ಲಿಗೆಟಿ, ತಾನು ಲಾಂಗ್‌ಗೋರನ ಅನುಯಾಯಿಯೆಂದು ವಿನೋದವಾಗಿ ನುಡಿದುದು ಪ್ರಸಿದ್ಧ.

ಆ ವಿನೋದವೇ ವಿಮರ್ಶೆಯನ್ನು ದಾರಿತಪ್ಪಿಸಿದಂತಿದೆ. ಲಾಂಗ್‌ಗೋರನು ಕಾಲಕ್ಕಿಂತ ಮುಂದಿದ್ದವನೆಂದು ಕೊಂಡಾಡುವವರು, ಈತನ 16 ಸಿಂಫನಿಗಳಲ್ಲಿ ಹಲವು 19ನೆಯ ಶತಮಾನದ ರಮ್ಯ ಶೈಲಿಗೆ ಹಠದಿಂದ ಮರಳಿದುದನ್ನು ಕೇವಲ ಪತನವೆಂದು ಬಗೆಯಬೇಕಾಗುತ್ತದೆ. ವಸ್ತುತಃ ಎರಡರ ಮೂಲವೂ ಒಂದೇ: ಸಂಗೀತವು ದೈವಿಕ ದರ್ಶನವೆಂಬ ನಂಬಿಕೆ. ಆ ದರ್ಶನವನ್ನು ಕಳೆದುಕೊಂಡ ಯುಗದ ಚಿತ್ರಣವೇ 'ಆಂಟಿಕ್ರಿಸ್ಟ್' ಒಪೆರಾ. ಕೋಪನ್‌ಹೇಗನ್‌ನ ರಾಯಲ್ ಥಿಯೇಟರ್ ಅದನ್ನು ನಿರಾಕರಿಸಿತು. ರಂಗದ ಮೇಲೆ ಅದು ಮೊದಲು ಕಾಣಿಸಿಕೊಂಡುದು 1999ರಲ್ಲಿ, ಆಸ್ಟ್ರಿಯದ ಇನ್ಸ್‌ಬ್ರುಕ್‌ನಲ್ಲಿ.