ಗರಗಸದ ಮುಂದೊಂದು ಸೀರೀಸ್ ಬಲ್ಬು

1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟು ತಂದರು. ಬೆಂಗಳೂರಿಗೆ ಕರೆಂಟಿನ ಬೀದಿದೀಪ ಬಂದದ್ದು 1905ರಲ್ಲಿ. ಗಣಿ 2001ರಲ್ಲಿ ನಿಂತಿತು. ಆದರೆ ಕೆಜಿಎಫ್, ಬಂಗಾರಪೇಟೆ ಕಡೆ ಬೋರ್‌ವೆಲ್ ಮೋಟಾರು ಬಿಚ್ಚಿ ಕಟ್ಟುವ ಕೈಗಳಿಗೇನೂ ಬಿಡುವಿಲ್ಲ. ಮರದಲ್ಲಿ ಹೂಬಳ್ಳಿ ಕೊರೆಯುವ ಪುಟ್ಟ ಸ್ಕ್ರಾಲ್ ಗರಗಸ ಕೆಟ್ಟರೂ ಅದೇ ವಿದ್ಯೆ ಸಾಕು.

ಆ ವಿದ್ಯೆಯಲ್ಲಿ ನನಗೆ ತುಂಬ ಹಿಡಿಸಿದ್ದು ಸೀರೀಸ್ ಬಲ್ಬು. ಹಲಗೆಯ ಮೇಲೊಂದು ಹೋಲ್ಡರು, 100 ವಾಟಿನ ಬಲ್ಬು, ಆ ಬಲ್ಬಿನ ಮೂಲಕವೇ ಕರೆಂಟು ಬರುವ ಒಂದು ಸಾಕೆಟ್ಟು, ಅಷ್ಟೇ. ಗರಗಸದ ಪ್ಲಗ್ಗನ್ನು ಅದಕ್ಕೆ ಸಿಕ್ಕಿಸಿ ಸ್ವಿಚ್ ಒತ್ತಬೇಕು. ಬಲ್ಬು ಪೂರ್ತಿ ಉರಿದರೆ ಎಲ್ಲೋ ಶಾರ್ಟ್ ಆಗಿದೆ. ಮಂಕಾಗಿ ಉರಿದರೆ ಕರೆಂಟು ವೈಂಡಿಂಗ್ ಮೂಲಕ ಹರಿಯುತ್ತಿದೆ. ಉರಿಯದೇ ಹೋದರೆ ದಾರಿ ಕಡಿದಿದೆ: ವೈರು, ಸ್ವಿಚ್ಚು, ಸವೆದ ಕಾರ್ಬನ್ ಬ್ರಷ್ಷು, ಹೀಗೆ ಒಂದೊಂದಾಗಿ ನೋಡಬೇಕು. ಸ್ವಿಚ್ಚಿನೊಳಗೆ ಮರದ ಪುಡಿ ಕೂತಿರುವುದೂ ಉಂಟು. ಅದಕ್ಕೆ ಹೊಸ ಮೋಟಾರು ಕೊಂಡವರಿದ್ದರೆ ಪಾಪ! ಫ್ಯೂಸ್ ಸುಡದೆ, ಯಂತ್ರ ಕೆಡದೆ ರೋಗ ತಿಳಿಸುವ ಇಷ್ಟು ಅಗ್ಗದ ವೈದ್ಯ ಇನ್ನೊಬ್ಬನಿಲ್ಲ.

ಸ್ಪೀಡ್ ಕಂಟ್ರೋಲ್ ಬೋರ್ಡಿರುವ ಗರಗಸದಲ್ಲಿ ಮಾತ್ರ ಬಲ್ಬಿನ ಮಾತನ್ನು ಅರ್ಧ ನಂಬಿ, ಮೀಟರು ಹಿಡಿಯಿರಿ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಆಗದು, ಫಿಲಮೆಂಟಿನದ್ದೇ ಬೇಕು. ಬಿಚ್ಚುವ ಮೊದಲು ಪ್ಲಗ್ ಕಿತ್ತಿಡಿ. ಅರ್ತ್ ಪಿನ್ನು ಮುರಿದು ಯಂತ್ರ ಓಡಿಸಲೇಬೇಡಿ.