ಮತಯಾಚನೆಯ ಅಲಂಕಾರಶಾಸ್ತ್ರ

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ನಡೆದಾಗಲೆಲ್ಲ ನಮ್ಮ ಬ್ರಹ್ಮಾವರದ ಹೋಟೆಲುಗಳಲ್ಲಿಯೂ ಅದರ ಮಾತು ನಡೆಯುತ್ತದೆ. ಯಾರು ಯಾರನ್ನು ಏನೆಂದು ಹಳಿದರು, ಯಾರ ಜಾಹೀರಾತು ಯಾರ ಮರ್ಮಕ್ಕೆ ತಗಲಿತು ಎಂಬುದನ್ನು, ಆ ದೇಶವನ್ನು ಭೂಪಟದಲ್ಲಲ್ಲದೆ ಬೇರೆಲ್ಲಿಯೂ ಕಾಣದವರು ಸಹ, ಚಹಾ ಆರುವವರೆಗೆ ಚರ್ಚಿಸುತ್ತಾರೆ. ಚರ್ಚೆಯ ಕೊನೆಗೆ ಒಂದು ತೀರ್ಪು ಬರುತ್ತದೆ: “ಏನೇ ಹೇಳಿ, ಗೆದ್ದನಲ್ಲ!” ಗೆದ್ದವನ ತಂತ್ರವೇ ತಂತ್ರ, ಸೋತವನದು ಮೂರ್ಖತನ. ಈ ತೀರ್ಪಿನ ಮೇಲೆ ನನಗೊಂದು ತಕರಾರಿದೆ.

ನಾನು ರಾಜಕೀಯ ಬಲ್ಲವನಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಆದರೆ ಚುನಾವಣೆಯ ಪ್ರಚಾರವೆಂಬುದು ಬಹುಮಟ್ಟಿಗೆ ಮಾತಿನ ವ್ಯಾಪಾರ. ಉಪಮೆ, ರೂಪಕ, ಪ್ರಾಸ, ವ್ಯಂಗ್ಯ, ಅತಿಶಯೋಕ್ತಿ ಇವೇ ಅದರ ಸರಕು. ಆದುದರಿಂದ ಅದನ್ನು ನಮ್ಮ ತಕ್ಕಡಿಯಲ್ಲಿಯೂ ಒಮ್ಮೆ ಇಟ್ಟು ನೋಡಿದರೆ ತಪ್ಪಾಗಲಾರದು. ಒಂದು ಕಾವ್ಯದ ಯೋಗ್ಯತೆಯನ್ನು ಎಷ್ಟು ಪ್ರತಿ ಮಾರಾಟವಾದುವೆಂದು ಎಣಿಸಿ ನಿರ್ಣಯಿಸುವುದಿಲ್ಲವಷ್ಟೆ? ಹಾಗಿರುವಾಗ ಈ ಮಾತನ್ನು ಮಾತ್ರ ಮತದ ಲೆಕ್ಕದಿಂದಲೇ ಅಳೆಯುವುದೇಕೆ?

ಉದಾಹರಣೆಗಾಗಿ ಅಮೆರಿಕದವರೆಗೆ ಹೋಗಬೇಕಾಗಿಲ್ಲ. 1978ರ ಚಿಕ್ಕಮಗಳೂರಿನ ಉಪಚುನಾವಣೆ ನಮ್ಮ ಮಗ್ಗುಲಲ್ಲಿಯೇ ಇದೆ. ಆಗಿನ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿ ಘಟ್ಟದ ಕೆಳಗಿನ ಕಾರ್ಕಳ, ಬೆಳ್ತಂಗಡಿಗಳೂ ಸೇರಿದ್ದುವು. 2008ರ ಮರುವಿಂಗಡಣೆಯಲ್ಲಿ ಬ್ರಹ್ಮಾವರವೆಂಬ ವಿಧಾನಸಭಾ ಕ್ಷೇತ್ರವೇ ಇಲ್ಲವಾಗಿ, ಲೋಕಸಭೆಯ ಮಟ್ಟಿಗೆ ನಾವೂ ಉಡುಪಿ–ಚಿಕ್ಕಮಗಳೂರಿನವರಾದೆವು. ಹೀಗಾಗಿ ಆ ಹಳೆಯ ಕಥೆಯಲ್ಲಿ ನಮಗೂ ಒಂದು ಪಾಲಿದೆ.

ಕಥೆ ಹಿರಿಯರಿಗೆ ತಿಳಿದುದೇ. 1977ರಲ್ಲಿ ರಾಯ್ ಬರೇಲಿಯಲ್ಲಿ ರಾಜನಾರಾಯಣರ ಎದುರು ಸೋತಿದ್ದ ಇಂದಿರಾ ಗಾಂಧಿಯವರಿಗಾಗಿ ಡಿ. ಬಿ. ಚಂದ್ರೇಗೌಡರು ತಮ್ಮ ಸ್ಥಾನವನ್ನು ಬಿಟ್ಟುಕೊಟ್ಟರು. ಮುಖ್ಯಮಂತ್ರಿ ದೇವರಾಜ ಅರಸರು ಬೆನ್ನಿಗೆ ನಿಂತರು. ಎದುರಾಳಿಯಾಗಿ ಜನತಾ ಪಕ್ಷ ನಿಲ್ಲಿಸಿದುದು ಹಿಂದೆ ಮುಖ್ಯಮಂತ್ರಿಯಾಗಿದ್ದ ವೀರೇಂದ್ರ ಪಾಟೀಲರನ್ನು. ಅವರ ಪ್ರಚಾರದ ನೊಗಕ್ಕೆ ಹೆಗಲು ಕೊಟ್ಟವರಲ್ಲಿ ಮುಖ್ಯರು ಆಗ ಕೇಂದ್ರ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್. ನವೆಂಬರ್ 5ರಂದು ಮತದಾನ ನಡೆದು, ಇಂದಿರಾ ಗಾಂಧಿಯವರು 70,000ಕ್ಕೂ ಮೀರಿದ ಅಂತರದಿಂದ ಗೆದ್ದರು.

ಆ ಪ್ರಚಾರದಲ್ಲಿ ಜನತಾ ಪಕ್ಷದ ಕಡೆಯಿಂದ ಒಂದು ಭಿತ್ತಿಪತ್ರ ಬಂದಿತ್ತು. ಹೆಡೆಯೆತ್ತಿ ನಿಂತ ನಾಗರಹಾವಿನ ಚಿತ್ರ. ಈ ಚುನಾವಣೆಯಲ್ಲಿ ಹಾವು ತಲೆಯೆತ್ತಲಿದೆ, ಮತದಾರರೇ ಎಚ್ಚರ ಎಂಬ ಅರ್ಥದ ಮಾತು. ಇಂದಿರಾ ಗಾಂಧಿಯವರ ಜೀವನವನ್ನು ಬರೆದವರು ಈ ಸಂಗತಿಯನ್ನು ದಾಖಲಿಸಿದ್ದಾರೆ. ಆದರೆ ಅಲ್ಲಿಯ ಜನ ನಾಗನನ್ನು ಪೂಜಿಸುವವರಾದುದರಿಂದ ಪತ್ರ ತಿರುಗಿ ಬಿದ್ದಿತೆಂದೂ ಹೇಳಿದ್ದಾರೆ.

ಇದಕ್ಕಿಂತ ಒಳ್ಳೆಯ ಪಾಠ ಅಲಂಕಾರಶಾಸ್ತ್ರದ ತರಗತಿಗೆ ಸಿಗುವುದು ಅಪರೂಪ. ಉಪಮಾನವು ಲೋಕಪ್ರಸಿದ್ಧವಾಗಿರಬೇಕು ಎನ್ನುತ್ತೇವೆ. ಆದರೆ ಯಾವ ಲೋಕದಲ್ಲಿ ಪ್ರಸಿದ್ಧ? ದೆಹಲಿಯ ಕಚೇರಿಯಲ್ಲಿ ಹಾವೆಂದರೆ ವಿಷ, ದ್ರೋಹ. ಕಾರ್ಕಳದ ಹಳ್ಳಿಯಲ್ಲಿ ನಾಗನೆಂದರೆ ಬನದ ಒಡೆಯ. ತಂಬಿಲ, ಆಶ್ಲೇಷಾ ಬಲಿಗಳನ್ನು ಪಡೆಯುವ ದೈವತ. ದಾರಿಯಲ್ಲಿ ನಾಗರಹಾವು ಸತ್ತು ಬಿದ್ದಿದ್ದರೆ ಮನುಷ್ಯನಿಗೆ ಮಾಡುವಂತೆ ಸಂಸ್ಕಾರ ಮಾಡಿಸುವ ನಾಡು ಇದು. ಘಟ್ಟದ ಮೇಲೆ ಹೋದರೂ ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ಅರಿಸಿನ ಕುಂಕುಮ ತಪ್ಪುವುದಿಲ್ಲ. ನಮ್ಮ ಮಂದಾರ್ತಿಯ ಸ್ಥಳಪುರಾಣದಲ್ಲಿ ನಾಗರಾಜನ ಐವರು ಹೆಣ್ಣುಮಕ್ಕಳ ಕಥೆಯೇ ಮೊದಲು. ಇಂಥ ಜನರ ಮುಂದೆ ಒಬ್ಬ ಹೆಂಗಸನ್ನು ಹೆಡೆಯೆತ್ತಿದ ನಾಗವೆಂದು ಚಿತ್ರಿಸಿದರೆ, ಅದು ನಿಂದೆಯೋ ಸ್ತುತಿಯೋ? ಫರ್ನಾಂಡಿಸರಾದರೋ ಮಂಗಳೂರಿನಲ್ಲಿ ಹುಟ್ಟಿದವರು. ಅವರ ಪಾಳೆಯದ ಪ್ರಚಾರದಲ್ಲಿ ಈ ತಪ್ಪು ನುಸುಳಿದುದು ಇನ್ನೂ ಸೋಜಿಗ.

ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಕಾವ್ಯದ ಜೀವ ಔಚಿತ್ಯದಲ್ಲಿದೆ ಎಂದ. ದೇಶ, ಕಾಲ, ಪಾತ್ರಗಳಿಗೆ ಹೊಂದದ ಅಲಂಕಾರ ಸೊಂಟಕ್ಕೆ ಕಟ್ಟಬೇಕಾದುದನ್ನು ಕೊರಳಿಗೆ ಕಟ್ಟಿದಂತೆ. ಭಿತ್ತಿಪತ್ರದವರು ಕ್ಷೇಮೇಂದ್ರನನ್ನು ಓದಬೇಕಾಗಿರಲಿಲ್ಲ. ಒಂದು ನಾಗಬನದ ಮುಂದೆ ಐದು ನಿಮಿಷ ನಿಂತಿದ್ದರೆ ಸಾಕಾಗಿತ್ತು. ನಮ್ಮ ಕವಿರಾಜಮಾರ್ಗವಂತೂ ಒಂಬತ್ತನೆಯ ಶತಮಾನದಲ್ಲಿಯೇ, ಓದು ಬರಹವಿಲ್ಲದ ಕನ್ನಡಿಗರೂ ಕಾವ್ಯದ ಹದ ಬಲ್ಲವರೆಂದು ಹೊಗಳಿದೆ. ಆ ಮಾತನ್ನು ನಾವು ಪರೀಕ್ಷೆಗೆ ಬಾಯಿಪಾಠ ಮಾಡಿಸುತ್ತೇವೆ. ಚುನಾವಣೆ ಬಂದಾಗ ಮರೆಯುತ್ತೇವೆ. ಓದದವನಿಗೆ ಚಿತ್ರ ತೋರಿಸಿದರೆ ಸಾಕು, ಹೆದರಿಸಿದರೆ ಸಾಕು ಎಂಬ ಭಾವನೆ ಆ ಪತ್ರದ ಹಿಂದಿತ್ತು. ನನ್ನ ಮೊದಲ ಆಕ್ಷೇಪ ಅದಕ್ಕೆ.

ಹಾಗೆಂದು ಒಂದು ಚಿತ್ರದಿಂದ ಚುನಾವಣೆ ತಿರುಗಿತೆಂದು ನಾನು ಹೇಳಲಾರೆ. 1974ರ ಭೂಸುಧಾರಣಾ ತಿದ್ದುಪಡಿಯ ಫಲವಾಗಿ ಗೇಣಿಯವರು ಫಾರಂ 7 ಸಲ್ಲಿಸಿ ಗದ್ದೆಯ ಒಡೆಯರಾಗುತ್ತಿದ್ದ ಕಾಲ ಅದು. ಅರಸರ ಸರಕಾರ ಅದನ್ನು ನಡೆಯಿಸಿತ್ತು. ತಲೆಮಾರುಗಳಿಂದ ಗೇಣಿ ಅಳೆದವನಿಗೆ ಪಟ್ಟೆ ಕೈಗೆ ಬರುವಾಗ, ಹಾವಿನ ಚಿತ್ರ ಎಷ್ಟರದು? ಮಾತಿಗಿಂತ ಮಣ್ಣು ಹೆಚ್ಚು ಮತ ತರುತ್ತದೆ. ತಂತ್ರವನ್ನು ಕೊಂಡಾಡುವವರು ಈ ಸಣ್ಣ ಸಂಗತಿಯನ್ನು ಗಮನಿಸಬೇಕು.

ನನ್ನ ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಜನತಾ ಪಕ್ಷದವರಿಗೆ ಹೇಳಲು ವಿಷಯ ಇರಲಿಲ್ಲವೆ? 1975ರ ಜೂನಿನಿಂದ 1977ರ ಮಾರ್ಚಿಯವರೆಗಿನ ತುರ್ತುಪರಿಸ್ಥಿತಿ ಇತ್ತು. ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು, ವಿಚಾರಣೆಯಿಲ್ಲದ ಸೆರೆವಾಸವಿತ್ತು. ‘ಸಂಸ್ಕಾರ’ ಚಲನಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ್ದ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ಆಸ್ತಮಾದಿಂದ ನರಳಿ, ಪೆರೋಲಿನ ಮೇಲೆ ಹೊರಬಂದ ಸ್ವಲ್ಪ ದಿನಗಳಲ್ಲಿಯೇ, 1977ರ ಜನವರಿಯಲ್ಲಿ ತೀರಿಕೊಂಡಿದ್ದರು. ಇದನ್ನು ಇದ್ದುದು ಇದ್ದಂತೆ ಹೇಳಿದರೆ ಅದಕ್ಕೆ ಸ್ವಭಾವೋಕ್ತಿ ಎಂದು ಹೆಸರು. ಆಲಂಕಾರಿಕರು ಅದನ್ನೂ ಅಲಂಕಾರಗಳ ಸಾಲಿನಲ್ಲಿ ಸೇರಿಸಿದ್ದಾರೆ, ವಿನೋದಕ್ಕಲ್ಲ. ಅಂಥ ಮಾತು ಸಭೆಗಳಲ್ಲಿ ಬಂದೇ ಇರಬೇಕು. ಆದರೆ ಇಂದು ನಮಗೆ ನೆನಪಿರುವುದು ಹಾವು. ಕೈಯಲ್ಲಿ ಸತ್ಯವಿದ್ದವನು ಬಯ್ಗುಳಕ್ಕೆ ಇಳಿದರೆ, ಬಯ್ಗುಳ ಉಳಿದು ಸತ್ಯ ಮರೆಯಾಗುತ್ತದೆ.

ಗೆದ್ದವರ ಮಾತಾದರೂ ಮೇಲಾಗಿತ್ತೆ? ಹೆಣ್ಣುಸಿಂಹ ಒಂದು, ಮುಸುವಗಳು ನೂರು ಎಂಬರ್ಥದ ಹಿಂದಿ ಘೋಷಣೆ ದೇಶವೆಲ್ಲ ಪ್ರಸಿದ್ಧವಾಯಿತು. ‘ಲಂಗೂರ್’ಗೆ ‘ಚಿಕ್ಕಮಗಳೂರ್’ ಅಂತ್ಯಪ್ರಾಸ. ಸಖರಾಯಪಟ್ಟಣದ ಪಾಳೆಯಗಾರ ತನ್ನ ಚಿಕ್ಕ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರೆಂದು ಐತಿಹ್ಯ ಹೇಳುವ ‘ಚಿಕ್ಕ ಮಗಳ ಊರು’ ಒಂದು ಕಪಿಯ ಪ್ರಾಸಕ್ಕೆ ಸಿಕ್ಕಿ ಮಂಗಮಾಯವಾಯಿತು! ಎದುರಾಳಿಗಳೆಲ್ಲ ಕೋತಿಗಳೆಂದರೆ ಅವರಿಗೆ ಮತ ಕೊಟ್ಟವರು ಏನಾದರು? ಕುತೂಹಲದ ಸಂಗತಿಯೆಂದರೆ, ಮರುವರ್ಷವೇ ಅರಸರು ಇಂದಿರಾ ಗಾಂಧಿಯವರಿಂದ ಬೇರೆಯಾದರು. ವೀರೇಂದ್ರ ಪಾಟೀಲರು ಅವರ ಪಕ್ಷವನ್ನೇ ಸೇರಿ, 1989ರಲ್ಲಿ ಕಾಂಗ್ರೆಸ್ಸಿನಿಂದಲೇ ಮತ್ತೆ ಮುಖ್ಯಮಂತ್ರಿಗಳಾದರು. ಸಿಂಹದ ಕಡೆಯವರು ಯಾರು, ಮುಸುವದ ಕಡೆಯವರು ಯಾರು? ಪಕ್ಷಗಳು ಅಂಗಿ ಬದಲಿಸಿದುವು. ಆಡಿದ ಮಾತು ಮಾತ್ರ ಬದಲಾಗದೆ ಉಳಿಯಿತು.

ಈಗ ಅಮೆರಿಕಕ್ಕೆ ಬರೋಣ. ಔಚಿತ್ಯ ಕೆಟ್ಟ ಮಾತಿಗೆ ಚಿಕ್ಕಮಗಳೂರು ನಿದರ್ಶನವಾದರೆ, ಔಚಿತ್ಯ ತಪ್ಪದೆಯೂ ಕೆಡುಕು ಮಾಡಬಲ್ಲ ಮಾತಿಗೆ 1964ರ ಅಲ್ಲಿಯ ಚುನಾವಣೆ ನಿದರ್ಶನ. ಲಿಂಡನ್ ಜಾನ್ಸನ್ನರ ಕಡೆಯವರು ಸೆಪ್ಟೆಂಬರ್ 7ರಂದು ದೂರದರ್ಶನದಲ್ಲಿ ಒಂದು ನಿಮಿಷದ ಜಾಹೀರಾತು ತೋರಿಸಿದರು. ಪುಟ್ಟ ಹುಡುಗಿಯೊಬ್ಬಳು ಹೂವಿನ ಎಸಳು ಕೀಳುತ್ತ, ತಪ್ಪುತಪ್ಪಾಗಿ ಎಣಿಸುತ್ತಾಳೆ. ಅವಳ ಎಣಿಕೆ ಮುಗಿಯುವಾಗ ಗಂಡಸಿನ ದನಿಯೊಂದು ಹಿಂದುಮುಂದಾಗಿ ಎಣಿಸತೊಡಗುತ್ತದೆ. ಸೊನ್ನೆ ಬಂದೊಡನೆ ಪರಮಾಣು ಬಾಂಬಿನ ಸ್ಫೋಟ. ಎದುರಾಳಿ ಬ್ಯಾರಿ ಗೋಲ್ಡ್‌ವಾಟರರ ಹೆಸರನ್ನು ಎಲ್ಲಿಯೂ ಎತ್ತಿಲ್ಲ. ಹಣ ಕೊಟ್ಟು ಪ್ರಸಾರ ಮಾಡಿಸಿದುದು ಒಂದೇ ಸಲ. ಮಿಕ್ಕುದನ್ನು ಸುದ್ದಿಯವರೇ ಮಾಡಿದರು. ಜಾನ್ಸನ್ 50 ರಾಜ್ಯಗಳಲ್ಲಿ 44ನ್ನು ಗೆದ್ದರು.

ಆನಂದವರ್ಧನನು ಕಂಡಿದ್ದರೆ ಇದನ್ನು ಧ್ವನಿಯೆಂದು ಒಪ್ಪುತ್ತಿದ್ದನೇನೋ. ಹೇಳದೆಯೇ ಹೊಳೆಯಿಸುವ ವಿದ್ಯೆ ಇಲ್ಲಿ ಪೂರ್ಣವಾಗಿದೆ. ನಾಗನ ಚಿತ್ರದವರಿಗೆ ತಿಳಿಯದೆ ಹೋದುದು ಇವರಿಗೆ ಚೆನ್ನಾಗಿ ತಿಳಿದಿತ್ತು: ತಾಯಿತಂದೆಯರ ಎದೆ ಯಾವುದಕ್ಕೆ ನಡುಗುತ್ತದೆ ಎಂಬುದು. ಆದರೆ ಆಮೇಲೆ ಏನಾಯಿತು? ಶಾಂತಿಯ ಪಕ್ಷದವರೆಂದು ಗೆದ್ದ ಜಾನ್ಸನ್ನರೇ 1965ರಲ್ಲಿ ವಿಯೆಟ್ನಾಮಿಗೆ ಕಾಲ್ದಳವನ್ನು ಕಳುಹಿಸಿದರು. ಅಲ್ಲಿಯೂ ಹೂ ಕೀಳುವ ವಯಸ್ಸಿನ ಹುಡುಗಿಯರಿದ್ದರು. ಧ್ವನಿಯಲ್ಲಿ ಒಂದು ಅನುಕೂಲವಿದೆ: ಬಾಯಿಬಿಟ್ಟು ಹೇಳದ ಮಾತಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಕಾವ್ಯದಲ್ಲಿ ಅದು ಗುಣ; ರಾಜ್ಯಭಾರದಲ್ಲಿ ಅದೇ ದೋಷ. ಮತ ಕೇಳುವವನು ವಾಚ್ಯದಲ್ಲಿ ಮಾತನಾಡಬೇಕು, ಆಡಿದುದಕ್ಕೆ ಹೊಣೆಯಾಗಬೇಕು.

ನಮ್ಮ ತಾಳಮದ್ದಳೆಯನ್ನು ನೆನೆಯಿರಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕೃಷ್ಣನ ಅರ್ಥ ಹೇಳುವವನು ಎದುರಿನ ಕೌರವನ ಮಾತನ್ನು ಪೂರ್ತಿ ಕೇಳಿ, ಅದಕ್ಕೇ ಉತ್ತರ ಕೊಡಬೇಕು. ಎದುರಾಳಿಯನ್ನು ಹುಳುವಾಗಿಸಿದ ಅರ್ಥಧಾರಿ ಸಭೆಯನ್ನು ನಗಿಸಬಹುದು. ಆದರೆ ಪ್ರಸಂಗ ಸಪ್ಪೆಯಾಗುತ್ತದೆ, ಹುಳುವನ್ನು ಗೆದ್ದವನಿಗೆ ಕೀರ್ತಿಯೇನು? 1960ರಲ್ಲಿ ಕೆನೆಡಿ, ನಿಕ್ಸನ್ನರ ವಾದವನ್ನು ಅಮೆರಿಕ ದೂರದರ್ಶನದಲ್ಲಿ ನೋಡಿದಾಗ, ತಾಳಮದ್ದಳೆಯಾಗಬೇಕಾದುದು ಬಯಲಾಟವಾಯಿತು. ಆಸ್ಪತ್ರೆಯಿಂದ ಎದ್ದುಬಂದಿದ್ದ ನಿಕ್ಸನ್ನರ ಸೊರಗಿದ ಮುಖವೇ ವಾದಕ್ಕಿಂತ ದೊಡ್ಡ ಮಾತಾಯಿತು. ಇಂದು ನಮ್ಮ ಕೈಯ ಮೊಬೈಲಿನಲ್ಲಿ ಎಲ್ಲವೂ ವೇಷವೇ, ಅರ್ಥ ಹೇಳುವವರಿಲ್ಲ.

ಇಷ್ಟೆಲ್ಲ ಉಪದೇಶ ಮಾಡುವ ನಾನು ಶುದ್ಧನೇ ಎಂದು ವಾಚಕರು ಕೇಳಬಹುದು. ಅಲ್ಲ. ಪದವಿ ತರಗತಿಯಲ್ಲಿದ್ದಾಗ ನಮ್ಮೂರಿನ ಪಂಚಾಯತಿ ಚುನಾವಣೆಗೆ ನಿಂತ ಹಿರಿಯರೊಬ್ಬರಿಗಾಗಿ ಪ್ರಚಾರದ ಪದ್ಯ ಬರೆದುಕೊಟ್ಟಿದ್ದೆ. ಎದುರು ನಿಂತವರಿಗೆ ಮಾತನಾಡುವಾಗ ತೊದಲು. ಆ ತೊದಲನ್ನೇ ಅಕ್ಷರ ಅಕ್ಷರವಾಗಿ ಭಾಮಿನಿ ಷಟ್ಪದಿಯಲ್ಲಿ ಕೂರಿಸಿದ್ದೆ. ಛಂದಸ್ಸಿನಲ್ಲಿ ಒಂದು ಮಾತ್ರೆಯೂ ತಪ್ಪಿರಲಿಲ್ಲ. ರಿಕ್ಷಾಕ್ಕೆ ಮೈಕು ಕಟ್ಟಿ ಅದನ್ನು ಊರೆಲ್ಲ ಹಾಡಿಸಿದರು. ನಮ್ಮವರು ಗೆದ್ದರು. ನನ್ನ ಬೆನ್ನು ತಟ್ಟಿದವರಿಗೆ ಲೆಕ್ಕವಿಲ್ಲ.

ಕೆಲವು ವಾರಗಳ ನಂತರ ಸೋತವರು ಬಸ್‌ ನಿಲ್ದಾಣದಲ್ಲಿ ಎದುರಾದರು. “ಪದ್ಯ ಲಾಯ್ಕಿತ್ತ್ ಮಾರಾಯ” ಎಂದರು. ಶಾಲೆಯಲ್ಲಿ ಕಲಿತುಬಂದು ಅವರ ಮಗ ಮನೆಯಲ್ಲಿ ಅದನ್ನು ಹಾಡಿದನಂತೆ. ಅದು ಯಾರ ಮೇಲಿನ ಪದ್ಯವೆಂದು ಅವನಿಗೆ ತಿಳಿದಿರಲಿಲ್ಲವಂತೆ. ಅವರು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೊಂದು ಉತ್ತರ ಕೊಡುತ್ತಿದ್ದೆ. ಆ ಪಂಚಾಯತಿಯ ಅವಧಿ ಮುಗಿದು ಎಷ್ಟೋ ವರ್ಷಗಳಾದುವು. ಗೆದ್ದವರು ಯಾವ ರಸ್ತೆ ಮಾಡಿಸಿದರೆಂದು ಕೇಳಿದರೆ ನೆನಪಾಗುವುದಿಲ್ಲ. ಪದ್ಯ ಮಾತ್ರ ಇಂದಿಗೂ ನನಗೆ ಬಾಯಿಗೆ ಬರುತ್ತದೆ.

ಆದುದರಿಂದಲೇ “ಗೆದ್ದನಲ್ಲ” ಎಂಬ ತೀರ್ಪು ನನಗೆ ಸಾಲದು. ನಮ್ಮ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಕೈಗಾದ ಅಣುಸ್ಥಾವರ ಬೇಡವೆಂಬುದು ಅವರ ಮಾತು. ಮೊಗೇರಿಯ ಗೋಪಾಲಕೃಷ್ಣ ಅಡಿಗರು 1971ರಲ್ಲಿ ಬೆಂಗಳೂರಿನಿಂದ ನಿಂತರು. ಇಬ್ಬರೂ ಸೋತರು. ಅವರ ನಿಲುವನ್ನು ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ, ಅದು ಬೇರೆ. ಕಾರಂತರಂತೂ ತಾವು ಏಕೆ ನಿಂತರೆಂಬುದನ್ನು ಮರೆಮಾಚಲಿಲ್ಲ. ಕೈಗಾದ ಪ್ರಶ್ನೆ ಚುನಾವಣೆಯೊಡನೆ ಮುಗಿದುಹೋಗಲಿಲ್ಲ.

ಮುಂದಿನ ಚುನಾವಣೆ ಬಂದಾಗ, ಅಲ್ಲಿಯದಾಗಲಿ ಇಲ್ಲಿಯದಾಗಲಿ, ಹೋಟೆಲಿನ ಮೇಜಿನ ಮುಂದೆ ಎರಡು ಪ್ರಶ್ನೆಗಳನ್ನು ಕೇಳೋಣ. ಈ ಮಾತು ನನ್ನನ್ನು ತಿಳಿದವನೆಂದು ಎಣಿಸಿದೆಯೋ, ಹೆದರುವವನೆಂದು ಎಣಿಸಿದೆಯೋ? ಆಡಿದವನು ನಾಳೆ ಇದಕ್ಕೆ ಹೊಣೆಯಾಗುವನೋ? ಇವಕ್ಕೆ ಉತ್ತರ ಸಿಕ್ಕ ಮೇಲೆ, ಯಾರು ಗೆದ್ದರೆಂದು ವಿಚಾರಿಸಿದರಾಯಿತು. ಅದರಲ್ಲಿಯೂ, ಮಗನ ಬಾಯಿಂದ ಕೇಳಲಾಗದ ಪದ್ಯವನ್ನು ಬರೆಯುವುದಿಲ್ಲವೆಂದು ಮಾತು ಬಲ್ಲವರಾದರೂ ನಿಶ್ಚಯಿಸಬೇಕು. ನಾನು ತಡವಾಗಿ ಕಲಿತೆ. ನನ್ನ ವಿದ್ಯಾರ್ಥಿಗಳು ಬೇಗ ಕಲಿಯಲಿ.